ಹಲಗೆ ಎತ್ತುವ ಮೊದಲು

ಕೇಳುಗರೇ, ನಮಸ್ಕಾರ.

ಪ್ರಯಾಣಿಕರ ಫೆರಿಯೊಂದು ಹೊರಡಲು ಇನ್ನು ಹತ್ತೇ ನಿಮಿಷ ಇದೆ ಅಂದುಕೊಳ್ಳಿ. ಜನ ನುಗ್ಗುತ್ತಿದ್ದಾರೆ. ಒಬ್ಬರ ಸೊಂಟದಲ್ಲಿ ಮಗು, ಇನ್ನೊಬ್ಬರ ಹೆಗಲಲ್ಲಿ ಚೀಲ. ಹತ್ತುವ ಹಲಗೆಯ ಪಕ್ಕ ಒಬ್ಬರು ವಾಕಿಟಾಕಿ ಹಿಡಿದು ನಿಂತಿದ್ದಾರೆ. ಅವರು ಟಿಕೆಟ್ ನೋಡುತ್ತಿಲ್ಲ. ಜನರ ಕೈ ನೋಡುತ್ತಿದ್ದಾರೆ. ಆಗ ಒಬ್ಬ ಭಾರದ ಪೆಟ್ಟಿಗೆ ಒಳಗಿಟ್ಟು, ಬರಿಗೈಯಲ್ಲಿ ಕೆಳಗಿಳಿಯುತ್ತಾನೆ. ಇವರು ಎರಡು ಹೆಜ್ಜೆ ಮುಂದೆ ಬಂದು, "ಸ್ವಲ್ಪ ನಿಲ್ಲಿ. ನಿಮ್ಮ ಪೆಟ್ಟಿಗೆ ಒಳಗೇ ಉಳಿಯಿತಲ್ವಾ?" ಎಂದು ಕೇಳುತ್ತಾರೆ.

ಇವರೇ ಹಡಗಿನ ಭದ್ರತಾ ಅಧಿಕಾರಿ. ಇವತ್ತು ಇವರ ಕೆಲಸದ ಬಗ್ಗೆ ಮಾತಾಡೋಣ.

ಆ ಒಂದು ಪ್ರಶ್ನೆ ಯಾಕೆ ಮುಖ್ಯ ಅಂತ ಹೇಳುತ್ತೇನೆ. 2004ರ ಫೆಬ್ರವರಿಯಲ್ಲಿ ಫಿಲಿಪ್ಪೀನ್ಸ್‌ನ ಮನಿಲಾದಿಂದ ಸೂಪರ್‌ಫೆರಿ 14 ಎಂಬ ಹಡಗು ರಾತ್ರಿ ಹೊರಟಿತು. ಒಬ್ಬ ಅದರೊಳಗೆ ಒಂದು ಟಿವಿ ತಂದಿಟ್ಟಿದ್ದ. ಟಿವಿಯೊಳಗೆ ಬಾಂಬ್ ಇತ್ತು. ಇಟ್ಟವನು ಹಡಗು ಬಿಡುವ ಮುಂಚೆಯೇ ಇಳಿದು ಹೋಗಿದ್ದ. ಬಾಂಬ್ ಸಿಡಿದು ಬೆಂಕಿ ಹತ್ತಿತು. 116 ಜನ ಸತ್ತರು. ಟಿವಿ ಹೊತ್ತುಕೊಂಡು ಊರಿಗೆ ಹೋಗುವವರು ಎಷ್ಟೋ ಜನ ಇರುತ್ತಾರೆ. ಅದರಲ್ಲಿ ಅನುಮಾನ ಪಡುವಂಥದ್ದೇನೂ ಇಲ್ಲ. ಆದರೆ ಹತ್ತಿದವನು ಇಳಿದುಹೋದ, ಸಾಮಾನು ಮಾತ್ರ ಉಳಿಯಿತು. ಅದನ್ನು ಹಿಡಿಯಬೇಕಾದರೆ ಹತ್ತಿದವರೆಷ್ಟು, ಇಳಿದವರೆಷ್ಟು ಅಂತ ಯಾರಾದರೂ ಲೆಕ್ಕ ಇಟ್ಟಿರಲೇಬೇಕು.

ಈಗ ನಿಯಮದ ಮಾತಿಗೆ ಬರೋಣ. 2001ರ ಸೆಪ್ಟೆಂಬರ್ 11ರ ದಾಳಿಯ ನಂತರ ಅಂತರರಾಷ್ಟ್ರೀಯ ಕಡಲ ಸಂಸ್ಥೆ ಲಂಡನ್‌ನಲ್ಲಿ ಸಭೆ ಸೇರಿಸಿತು. 2002ರ ಡಿಸೆಂಬರ್‌ನಲ್ಲಿ ಐಎಸ್‌ಪಿಎಸ್ ಕೋಡ್, ಅಂದರೆ ಹಡಗು ಮತ್ತು ಬಂದರುಗಳ ಭದ್ರತೆಯ ಅಂತರರಾಷ್ಟ್ರೀಯ ನಿಯಮಾವಳಿ, ಒಪ್ಪಿಗೆ ಪಡೆಯಿತು. 2004ರ ಜುಲೈ 1ರಿಂದ ಅದು ಜಾರಿಯಲ್ಲಿದೆ. ಇದರ ಪ್ರಕಾರ ಮೂವರು ಅಧಿಕಾರಿಗಳು ಇರಬೇಕು. ಕಂಪನಿಯಲ್ಲಿ ಒಬ್ಬರು, ಹಡಗಿನಲ್ಲಿ ಒಬ್ಬರು, ಬಂದರಿನಲ್ಲಿ ಒಬ್ಬರು. ಹಡಗಿನವರು ಕ್ಯಾಪ್ಟನ್‌ಗೆ ಉತ್ತರ ಕೊಡಬೇಕು. ಉಳಿದಿಬ್ಬರ ಜೊತೆ ಸದಾ ಸಂಪರ್ಕದಲ್ಲಿರಬೇಕು. ಅಪಾಯಕ್ಕೆ ಮೂರು ಹಂತಗಳಿವೆ. ಮಾಮೂಲಿ ದಿನ ಒಂದನೆಯದು. ಮೇಲಿನ ಹಂತಕ್ಕೆ ಹೋದ ಹಾಗೆ ತಪಾಸಣೆ ಜಾಸ್ತಿ, ಒಳಗೆ ಬರುವ ದಾರಿಗಳು ಕಡಿಮೆ.

ಒಂದು ಸಂಗತಿ ನನ್ನನ್ನು ಕಾಡುತ್ತದೆ. ಈ ಕೋಡ್ ದೇಶದಿಂದ ದೇಶಕ್ಕೆ ಹೋಗುವ ಹಡಗುಗಳಿಗೆ ಮಾತ್ರ. ದೇಶದೊಳಗೇ ಓಡಾಡುವ ಫೆರಿಗಳನ್ನು ಆಯಾ ದೇಶಕ್ಕೇ ಬಿಟ್ಟಿದ್ದಾರೆ. ಯುರೋಪ್ ಒಕ್ಕೂಟ 2004ರಲ್ಲಿ ಮಾಡಿದ ನಿಯಮದ ಮೂಲಕ, ದೇಶದೊಳಗೇ ಓಡಾಡುವ ತನ್ನ ಕೆಲವು ಪ್ರಯಾಣಿಕರ ಹಡಗುಗಳಿಗೂ ಇದನ್ನು ಹಚ್ಚಿತು. ಸೂಪರ್‌ಫೆರಿ 14 ದೇಶದೊಳಗೇ ಓಡಾಡುತ್ತಿದ್ದ ಹಡಗು ಅನ್ನುವುದನ್ನು ನೆನಪಿಟ್ಟುಕೊಳ್ಳಿ. ದಿನಾ ಜನ ತುಂಬಿಕೊಂಡು ಹೋಗುವ ಯಾವ ಫೆರಿಗೂ ತರಬೇತಿ ಪಡೆದ ಒಬ್ಬ ಭದ್ರತಾ ಅಧಿಕಾರಿ ಬೇಕೇ ಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಹಾಗಾದರೆ ಯಾರು ಈ ಅಧಿಕಾರಿ ಆಗಬಹುದು? ಅಂತರರಾಷ್ಟ್ರೀಯ ನಿಯಮದ ಪ್ರಕಾರ ಕನಿಷ್ಠ 12 ತಿಂಗಳು ಹಡಗಿನಲ್ಲಿ ಕೆಲಸ ಮಾಡಿರಬೇಕು. ಇಲ್ಲವೇ ತಕ್ಕಷ್ಟು ಕಡಲ ಅನುಭವದ ಜೊತೆಗೆ ಹಡಗು ನಡೆಯುವ ರೀತಿ ಗೊತ್ತಿರಬೇಕು. ಆಮೇಲೆ ಮಾನ್ಯತೆ ಪಡೆದ ತರಬೇತಿ ಮುಗಿಸಿ ಪ್ರಮಾಣಪತ್ರ ಪಡೆಯಬೇಕು. ದಡದ ಮೇಲೆ ಕಾವಲು ಕಾದ ಅನುಭವ ಒಂದೇ ಸಾಲದು. ಹಡಗಿನಲ್ಲಿ ಯಾವ ಬಾಗಿಲು ಎಲ್ಲಿಗೆ ಹೋಗುತ್ತದೆ, ಯಾವ ಮೂಲೆಯಲ್ಲಿ ಒಬ್ಬ ಅಡಗಿ ಕೂರಬಹುದು ಅನ್ನುವುದು ನೀರಿನ ಮೇಲೆ ಇದ್ದವರಿಗೇ ಗೊತ್ತು.

ತರಬೇತಿಯಲ್ಲಿ ನನಗೆ ತುಂಬಾ ಇಷ್ಟವಾದ ಒಂದು ಮಾತಿದೆ. ಅಪಾಯ ತರಬಹುದಾದ ಜನರನ್ನು ಅವರ ನಡವಳಿಕೆಯಿಂದ ಗುರುತಿಸಲು ಕಲಿಸಬೇಕು, ಆದರೆ ಭೇದಭಾವ ಇಲ್ಲದೆ. ಬಟ್ಟೆ, ಬಣ್ಣ, ಭಾಷೆ ನೋಡಿ ಅಲ್ಲ. ಬೆವರು ಒರೆಸಿಕೊಳ್ಳುತ್ತಾ ಮತ್ತೆ ಮತ್ತೆ ಎಂಜಿನ್ ಕೋಣೆಯ ಬಾಗಿಲ ಕಡೆ ನೋಡುವವನನ್ನು ಗಮನಿಸಬೇಕು. ಅವನು ಹೆದರಿದ ಹೊಸ ಪ್ರಯಾಣಿಕನೂ ಆಗಿರಬಹುದು. ಅದಕ್ಕೇ ಮೊದಲು ಹತ್ತಿರ ಹೋಗಿ, "ಏನಾದರೂ ಸಹಾಯ ಬೇಕಿತ್ತಾ?" ಎಂದು ಕೇಳುವುದು. ಉತ್ತರ ಬಂದ ರೀತಿಯಲ್ಲೇ ಅರ್ಧ ತಿಳಿಯುತ್ತದೆ. ನಮ್ಮನ್ನು ಕಳ್ಳರಂತೆ ನೋಡಿದರು ಅಂತ ಪ್ರಯಾಣಿಕರಿಗೆ ಅನ್ನಿಸಿದರೆ, ನಾಳೆ ಅವರು ಕಣ್ಣಿಗೆ ಬಿದ್ದದ್ದನ್ನೂ ಹೇಳುವುದಿಲ್ಲ.

ಕೆಲಸ ಹತ್ತುವ ಹಲಗೆಯಲ್ಲಿ ಮುಗಿಯುವುದಿಲ್ಲ. ತಪಾಸಣೆ ಆದವರು ಆಗದವರ ಜೊತೆ ಬೆರೆಯಬಾರದು. ಇಳಿಯುವವರ ಮತ್ತು ಹತ್ತುವವರ ದಾರಿ ಬೇರೆ ಇರಬೇಕು. ವಾಹನ ಹೊತ್ತೊಯ್ಯುವ ಫೆರಿಯಾದರೆ ಅವುಗಳ ಮೇಲೂ ಕಣ್ಣಿಡಬೇಕು. ಹಡಗು ನಡೆಸುವ ಜಾಗವಾದ ಬ್ರಿಡ್ಜ್‌ಗೆ ಮತ್ತು ಎಂಜಿನ್ ಕೋಣೆಗೆ ಸುಮ್ನೆ ಯಾರೂ ಹೋಗುವಂತಿಲ್ಲ.

ಇಲ್ಲೊಂದು ಬಿಕ್ಕಟ್ಟಿದೆ. ಭದ್ರತೆಗೆ ಬಾಗಿಲು ಮುಚ್ಚಿರಬೇಕು. ಬೆಂಕಿ ಬಿದ್ದರೆ ಅದೇ ಬಾಗಿಲು ತಕ್ಷಣ ತೆರೆಯಬೇಕು. ಎರಡಕ್ಕೂ ಜಗಳ ಬಂದರೆ ಹಡಗಿನ ಸುರಕ್ಷತೆಯೇ ಮೊದಲು, ತೀರ್ಮಾನ ಕ್ಯಾಪ್ಟನ್‌ದು ಅಂತ ನಿಯಮ ಸ್ಪಷ್ಟವಾಗಿ ಹೇಳುತ್ತದೆ. ಜನ ತುಂಬಿದ ಹಡಗಿನಲ್ಲಿ ತಪ್ಪಿಸಿಕೊಳ್ಳುವ ದಾರಿಗೆ ಬೀಗ ಜಡಿಯುವವರು ಭದ್ರತಾ ಅಧಿಕಾರಿಯಾಗಲು ಯೋಗ್ಯರಲ್ಲ.

ಹಡಗಿನಲ್ಲಿ ಒಂದು ಗುಟ್ಟಿನ ಗುಂಡಿಯೂ ಇರುತ್ತದೆ. ಕನಿಷ್ಠ ಎರಡು ಕಡೆಯಿಂದ ಒತ್ತಲು ಬರಬೇಕು, ಒಂದು ಬ್ರಿಡ್ಜ್‌ನಲ್ಲಿ. ಒತ್ತಿದರೆ ಹಡಗಿನೊಳಗೆ ಯಾವ ಸದ್ದೂ ಆಗುವುದಿಲ್ಲ. ಹಡಗಿನ ಭದ್ರತೆಗೆ ಅಪಾಯ ಬಂದಿದೆ ಅನ್ನುವ ಸುದ್ದಿ ಮಾತ್ರ ದಡಕ್ಕೆ ಹೋಗುತ್ತದೆ. ಅದು ಸರಿಯಾಗಿ ಕೆಲಸ ಮಾಡುತ್ತಿದೆಯೇ ಅಂತ ಆಗಾಗ ನೋಡುವುದೂ ಅಧಿಕಾರಿಯ ಪಾಲಿನ ಕೆಲಸ.

ಇನ್ನು ಅಭ್ಯಾಸದ ವಿಷಯ. ಮೂರು ತಿಂಗಳಿಗೊಮ್ಮೆಯಾದರೂ ಭದ್ರತಾ ಡ್ರಿಲ್ ಮಾಡಬೇಕು. ಸಿಬ್ಬಂದಿಯಲ್ಲಿ ಕಾಲು ಭಾಗಕ್ಕಿಂತ ಜಾಸ್ತಿ ಜನ ಬದಲಾಗಿ, ಹೊಸಬರು ಇತ್ತೀಚೆಗೆ ಆ ಹಡಗಿನ ಡ್ರಿಲ್‌ನಲ್ಲಿ ಇರದಿದ್ದರೆ, ಒಂದು ವಾರದೊಳಗೆ ಮತ್ತೆ ಮಾಡಬೇಕು. ಫೆರಿಗಳಲ್ಲಿ ಪಾಳಿ ಬದಲಾಗುತ್ತಲೇ ಇರುತ್ತದೆ. ಟೀ ಕೊಡುವ ಹುಡುಗನಿಗೂ ವಾರಸುದಾರರಿಲ್ಲದ ಚೀಲ ಕಂಡರೆ ಯಾರಿಗೆ ಹೇಳಬೇಕು ಅಂತ ಗೊತ್ತಿರಬೇಕು. ಹಾಗಾಗಿ ಈ ನಿಯಮವನ್ನು ಕಾಗದದಲ್ಲಿ ಮುಗಿಸುವಂತಿಲ್ಲ.

ನೀವು ಮುಂದಿನ ಸಲ ಫೆರಿ ಹತ್ತಿದಾಗ ಸೀಟಿನ ಕೆಳಗೆ ಅಂಥ ಚೀಲ ಕಂಡರೆ ಮುಟ್ಟಬೇಡಿ, ಸರಿಸಬೇಡಿ, ತೆರೆದು ನೋಡಬೇಡಿ. ಸ್ವಲ್ಪ ದೂರ ಸರಿದು ಹತ್ತಿರದ ಸಿಬ್ಬಂದಿಗೆ ಹೇಳಿ. ಯಾವ ಸಾಲು, ಎಷ್ಟು ಹೊತ್ತಿನಿಂದ ಇದೆ, ಅಲ್ಲಿ ಮೊದಲು ಯಾರು ಕೂತಿದ್ದರು ಅನ್ನುವುದನ್ನೂ ಸೇರಿಸಿ ಹೇಳಿ.

ನಮಸ್ಕಾರ.