ಬಿಳಿ ಮೀನು ಸಿಕ್ಕರೆ ನೀರಲ್ಲೇ ಬಿಡಿ

ಕೇಳುಗರಿಗೆ ನಮಸ್ಕಾರ. ಕಾವೇರಿ ದಂಡೆಯ ಊರುಗಳಲ್ಲಿ ಗಾಳ ಹಿಡಿದು ಹೊರಡುವ ಹುಡುಗರು ಇದನ್ನು ಕೇಳುತ್ತಿದ್ದಾರೆ ಅಂತ ನಂಬಿಕೊಂಡೇ ಮಾತಾಡುತ್ತೇನೆ.

ನಮ್ಮ ಹೊಳೆಯ ಮೀನುಗಳನ್ನು ಎರಡು ಪಾಲು ಮಾಡಿಕೊಳ್ಳಿ. ಗೆಂಡೆ, ಕಾಟ್ಲಾ, ರೋಹು ಒಂದು ಪಾಲು. ಅನುಮತಿ ಇರುವ ಕಡೆ ಹಿಡಿಯಿರಿ, ಸಾರು ಮಾಡಿ ಉಣ್ಣಿ, ನನ್ನ ತಕರಾರಿಲ್ಲ. ಇನ್ನೊಂದು ಪಾಲು ಬಿಳಿ ಮೀನು, ಅಂದರೆ ಮಹಶೀರ್. ಅದು ಸಿಕ್ಕರೆ ನೀರಲ್ಲೇ ಬಿಡಿ. ಇವತ್ತು ನಾನು ಹೇಳಬೇಕಾದ್ದು ಇದೊಂದೇ.

ಗೂನುಬೆನ್ನಿನ, ಕಿತ್ತಳೆ ರೆಕ್ಕೆಯ ಮಹಶೀರ್ ಕಾವೇರಿ ಮತ್ತು ಅದರ ಉಪನದಿಗಳ ಸ್ವಂತ ಮೀನು. 1946ರಲ್ಲಿ ಕಬಿನಿಯಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಮನೆತನದವರೊಬ್ಬರು 120 ಪೌಂಡ್ ತೂಕದ್ದನ್ನು ಹಿಡಿದಿದ್ದರು. ಐವತ್ನಾಲ್ಕು ಕಿಲೋ! ಅಂಥ ಮೀನು 2018ರಲ್ಲಿ ತೀವ್ರ ಅಳಿವಿನಂಚಿನ ಜಾತಿಗಳ ಪಟ್ಟಿ ಸೇರಿತು. ಸಿಡಿಮದ್ದು, ಅಣೆಕಟ್ಟು, ಹೊರಗಿಂದ ತಂದು ಬಿಟ್ಟ ನೀಲಿ ರೆಕ್ಕೆಯ ಮಹಶೀರ್, ಎಲ್ಲ ಸೇರಿ ಅದನ್ನು ಮೂಲೆಗೆ ಒತ್ತಿವೆ.

ಭೀಮೇಶ್ವರಿಯಲ್ಲಿ ಗಾಳದ ಕ್ಯಾಂಪ್ ನಡೆಯುತ್ತಿದ್ದ ಕಾಲದ ಒಂದು ಪ್ರಸಂಗ ಹೇಳಲೇಬೇಕು. ಅಲ್ಲಿ ತೆಪ್ಪ ನಡೆಸುವ ಹಿರಿಯರೊಬ್ಬರಿದ್ದರು. ಹಿಂದೆ ಮದ್ದು ಹಾಕಿ ಮೀನು ಹೊಡೆದವರೇ, ಆಮೇಲೆ ಮೀನು ಕಾಯುವ ಕೆಲಸಕ್ಕೆ ಬಂದಿದ್ದರು. ಬೇಯಿಸಿದ ರಾಗಿ ಉಂಡೆಯನ್ನು ಕೊಕ್ಕೆಗೆ ಮೆತ್ತಿ ಸುಳಿಯ ಅಂಚಿಗೆ ಎಸೆದೆವು. ದಾರ ಒಮ್ಮೆ ನಡುಗಿತು, ಮರುಕ್ಷಣ ರೀಲು ಕಿರುಚಿಕೊಂಡಿತು. ಮೀನು ಬಂಡೆ ಸುತ್ತಿ ಹೋಗಿ ದಾರ ಕಲ್ಲಿಗೆ ಉಜ್ಜುತ್ತಿದೆ. ಹಿರಿಯರು ತೆಪ್ಪ ತಿರುಗಿಸಿ, ಬಂಡೆಯಾಚೆ ಹೋಗಿ, ದಾರವನ್ನು ಬೆರಳಲ್ಲೇ ಬಿಡಿಸಿದರು. ಕೊನೆಗೆ ಮೀನು ಸೋತು ದಡದ ಹತ್ತಿರ ಬಂತು. ಒಂದೊಂದು ಹುರುಪೆಯೂ ಅಂಗೈಯಷ್ಟು! ಅತಿಥಿಗಳೊಬ್ಬರು ಅದನ್ನು ಎತ್ತಿ ಫೋಟೋ ತೆಗೆಸಿಕೊಳ್ಳಲು ಕೈ ಚಾಚಿದರು. "ಎತ್ಬೇಡಿ ಸ್ವಾಮಿ, ಅದ್ರ ಉಸ್ರು ನೀರೊಳಗದೆ" ಅಂದರು ಹಿರಿಯರು. ಸೊಂಟದುದ್ದ ನೀರಲ್ಲಿ ನಿಂತು, ಹೊಟ್ಟೆಯ ಕೆಳಗೆ ಒಂದು ಕೈ, ಬಾಲದ ಬುಡಕ್ಕೆ ಒಂದು ಕೈ ಕೊಟ್ಟು, ಮೂತಿಯನ್ನು ಹರಿವಿಗೆ ಎದುರಾಗಿ ಹಿಡಿದರು. ಕಿವಿರು ಮೊದಲು ತಡೆತಡೆದು, ಆಮೇಲೆ ಒಂದೇ ಸಮ ತೆರೆದು ಮುಚ್ಚತೊಡಗಿತು. ಬಾಲ ತಾನಾಗಿ ಕೊಡವುವ ತನಕ ಅವರು ಕೈ ಸಡಿಲಿಸಲಿಲ್ಲ. ನೀರಲ್ಲೇ ಬಿಡುವುದು ಅಂದರೆ ಹೀಗೆ. ದಡದ ಮೇಲೆ ಹೊರಳಾಡಿಸಿ, ನಾಲ್ಕು ಸೆಲ್ಫಿ ತೆಗೆದು, ಆಮೇಲೆ ಹೊಳೆಗೆ ಎಸೆಯುವುದಕ್ಕೆ ಬಿಡುವುದು ಅನ್ನಬೇಡಿ, ದಯವಿಟ್ಟು.

ಸಮಯ ಮುಗಿಯುತ್ತಿದೆ ಅಂತ ಸನ್ನೆ ಬರುತ್ತಿದೆ, ಉಳಿದದ್ದು ಬೇಗ ಹೇಳಿಬಿಡುತ್ತೇನೆ. ಕೊಕ್ಕೆಯ ಹಿಂಮುಳ್ಳನ್ನು ಇಕ್ಕಳದಿಂದ ಒತ್ತಿ ಮಟ್ಟ ಮಾಡಿ. ಮೀನು ಮುಟ್ಟುವ ಮೊದಲು ಕೈ ಒದ್ದೆ ಮಾಡಿಕೊಳ್ಳಿ, ಒಣಗೈಗೆ ಅದರ ಮೈಲೋಳೆ ಕಿತ್ತುಬರುತ್ತದೆ. ವನ್ಯಧಾಮದೊಳಗೆ ಗಾಳ ಬೇಡ. ಮಳೆಗಾಲ ಮಹಶೀರ್ ಮೊಟ್ಟೆಯಿಡುವ ಕಾಲ, ಆಗ ಗಾಳ ಅಟ್ಟದ ಮೇಲಿರಲಿ. ಮಿಕ್ಕ ದಿನಗಳಲ್ಲಿ ಬಿಳಿ ಮೀನು ಸಿಕ್ಕರೆ, ಹೇಳಿದೆನಲ್ಲ, ನೀರಲ್ಲೇ ಬಿಡಿ. ನಮಸ್ಕಾರ.