ನಸುಕಿನಲ್ಲಿ ಬಂದ ಲಾರಿ

ಕೇಳುಗರಿಗೆ ನಮಸ್ಕಾರ.

ಚಿಕ್ಕಮಗಳೂರಿನ, ಕಾಳಿನ ಸಿಪ್ಪೆ ಬಿಡಿಸಿ ಗ್ರೇಡ್ ಮಾಡುವ ಒಂದು ಕಾಫಿ ಕ್ಯೂರಿಂಗ್ ವರ್ಕ್ಸ್‌ನಲ್ಲಿ ನಾನು ಲೆಕ್ಕದ ಕೆಲಸ ನೋಡಿಕೊಳ್ಳುತ್ತೇನೆ. ಕೊಯ್ಲಿನ ತಿಂಗಳುಗಳಲ್ಲಿ ನಮ್ಮ ಗೇಟಿನ ಮುಂದೆ ಲಾರಿಗಳ ಸಾಲೇ ನಿಂತಿರುತ್ತದೆ. ಮೂಡಿಗೆರೆ, ಆಲ್ದೂರು, ಬಾಳೆಹೊನ್ನೂರು, ಆಚೆ ಸಕಲೇಶಪುರದಿಂದಲೂ ಮೂಟೆ ಬರುತ್ತದೆ. ಮೊದಲು ಇದೆಲ್ಲ ದಪ್ಪ ರಿಜಿಸ್ಟರ್‌ನಲ್ಲಿತ್ತು, ಆಮೇಲೆ ಎಕ್ಸೆಲ್‌ಗೆ ಬಂತು. ಈಗ ತೂಕವಾದ ಕೂಡಲೇ ಲೆಕ್ಕ ಕ್ಲೌಡ್‌ನಲ್ಲಿರುವ ಡೇಟಾ ಉಗ್ರಾಣಕ್ಕೆ ಹೋಗುತ್ತದೆ. ನಮ್ಮದು ಗೂಗಲ್‌ನ ಬಿಗ್‌ಕ್ವೆರಿ. ವರದಿ ನೋಡುವುದು ಮೈಕ್ರೋಸಾಫ್ಟ್‌ನ ಪವರ್ ಬಿಐನಲ್ಲಿ. ಇವೆರಡನ್ನೂ ಜೋಡಿಸಿದ ಅನುಭವವನ್ನು ಇವತ್ತು ನಿಮ್ಮ ಮುಂದೆ ಇಡುತ್ತೇನೆ.

ಉಗ್ರಾಣ ಅಂದೆ. ನಮ್ಮ ಗೋದಾಮು ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಅಲ್ಲಿ ಎ ಗ್ರೇಡ್ ಒಂದು ಕಡೆ, ಬಿ ಇನ್ನೊಂದು ಕಡೆ, ಹಣ್ಣಿನೊಳಗೆ ಒಂಟಿಯಾಗಿ ಬೆಳೆದ ದುಂಡು ಕಾಳು ಪೀಬೆರಿಯದು ಬೇರೆಯೇ ಅಟ್ಟಿ. ಪೀಬೆರಿ ಬೇಕೆಂದರೆ ಆ ಅಟ್ಟಿಗೆ ಮಾತ್ರ ಕೈ ಹಾಕುತ್ತೇವೆ. ಬಿಗ್‌ಕ್ವೆರಿಯೂ ಹಾಗೇ ಕಾಲಂ ಕಾಲಂ ಆಗಿ ಜೋಡಿಸಿಟ್ಟಿರುತ್ತದೆ. ತೂಕ ಕೇಳಿದರೆ ತೂಕದ ಕಾಲಂ ಅಷ್ಟೇ ಓದುತ್ತದೆ. ಎಷ್ಟು ಓದಿತೋ ಅಷ್ಟಕ್ಕೆ ದುಡ್ಡು. ತಿಂಗಳಿಗೆ ಮೊದಲ 1 ಟಿಬಿ, ಅಂದರೆ ಸುಮಾರು ಸಾವಿರ ಜಿಬಿ, ಓದುವುದು ಉಚಿತ. ಹಾಗಾಗಿ ಬೇಕಾದ ಕಾಲಂ ಹೆಸರು ಹೇಳಿ ಕೇಳಿ. ಸುಮ್ನೆ ಎಲ್ಲವನ್ನೂ ಎಳೆದುಕೊಳ್ಳಬೇಡಿ.

ಜೋಡಿಸುವ ಕೆಲಸ ಹತ್ತು ನಿಮಿಷದ್ದು. ಪವರ್ ಬಿಐ ಡೆಸ್ಕ್‌ಟಾಪ್‌ನಲ್ಲಿ ಗೆಟ್ ಡೇಟಾ ಒತ್ತಿ, ಬಿಗ್‌ಕ್ವೆರಿ ಆರಿಸಿ, ಲಾಗಿನ್ ಆದರೆ ಟೇಬಲ್‌ಗಳ ಪಟ್ಟಿ ಕಾಣುತ್ತದೆ. ಆದರೆ ಮಾಲೀಕರ ಲಾಗಿನ್ ಬಳಸಬೇಡಿ. ವರದಿಗೆಂದೇ ಒಂದು ಖಾತೆ ಮಾಡಿ, ಓದುವ ಹಕ್ಕು ಮಾತ್ರ ಕೊಡಿ. ಇಲ್ಲಿ ನಾನು ಅರ್ಧ ದಿನ ಒದ್ದಾಡಿದ್ದೇನೆ. ಡೇಟಾ ನೋಡುವ ಹಕ್ಕು ಬೇರೆ, ಪ್ರಶ್ನೆ ಓಡಿಸುವ ಹಕ್ಕು ಬೇರೆ. ಮೊದಲನೆಯದನ್ನು ಮಾತ್ರ ಕೊಟ್ಟರೆ, ಗೋದಾಮಿನ ಬೀಗ ತೆಗೆದು ಹಮಾಲರನ್ನು ಕರೆಯದೇ ಇದ್ದ ಹಾಗೆ.

ಆಮೇಲೆ ಪವರ್ ಬಿಐ ಒಂದು ಪ್ರಶ್ನೆ ಕೇಳುತ್ತದೆ: ಇಂಪೋರ್ಟೋ, ಡೈರೆಕ್ಟ್ ಕ್ವೆರಿಯೋ? ಇಂಪೋರ್ಟ್ ಅಂದರೆ ಲೆಕ್ಕದ ಒಂದು ಪ್ರತಿ ಪವರ್ ಬಿಐ ಒಳಗೇ ಬಂದು ಕೂರುತ್ತದೆ. ಪ್ರೋ ಲೈಸೆನ್ಸ್‌ನಲ್ಲಿ ಅದು ದಿನಕ್ಕೆ 8 ಸಲ ತಾನಾಗಿ ಹೊಸದಾಗುವಂತೆ ಹೊತ್ತು ಗೊತ್ತುಮಾಡಬಹುದು. ಡೈರೆಕ್ಟ್ ಕ್ವೆರಿಯಲ್ಲಿ ಯಾರಾದರೂ ವರದಿ ತೆರೆದಾಗ, ಫಿಲ್ಟರ್ ಬದಲಿಸಿದಾಗ ಪ್ರಶ್ನೆ ಉಗ್ರಾಣಕ್ಕೇ ಹೋಗುತ್ತದೆ. ಖರ್ಚೂ ಜಾಸ್ತಿ, ಕಾಯುವುದೂ ಜಾಸ್ತಿ. ನಮ್ಮಂಥ ವ್ಯವಹಾರಕ್ಕೆ ಇಂಪೋರ್ಟ್ ಧಾರಾಳ ಸಾಕು.

ಇಷ್ಟಾದ ಮೇಲೆ ಬಣ್ಣಬಣ್ಣದ ವರದಿ ಬಂತು. ಎಲ್ಲರಿಗೂ ಖುಷಿ. ಮೂರನೇ ದಿನ ಗೇಟಿನ ರೈಟರ್ ಬಂದು, 'ಸರ್, ನನ್ನ ಪುಸ್ತಕಕ್ಕೂ ನಿಮ್ಮ ಪರದೆಗೂ ತಾಳೆ ಆಗ್ತಿಲ್ಲ' ಅಂದರು. ಒಂದೊಂದೇ ಲಾರಿ ಹಿಡಿದು ಹುಡುಕಿದೆವು. ಜನವರಿ 12ರ ನಸುಕಿನ ನಾಲ್ಕು ಗಂಟೆಗೆ ಬಂದ ಲಾರಿ ವರದಿಯಲ್ಲಿ 11ಕ್ಕೆ ಸೇರಿತ್ತು. ಬಿಗ್‌ಕ್ವೆರಿ ಸಮಯವನ್ನು ಯುಟಿಸಿ ಎಂಬ ಜಾಗತಿಕ ಪ್ರಮಾಣ ಸಮಯದಲ್ಲಿ ಇಡುತ್ತದೆ. ನಮ್ಮ ಗಡಿಯಾರ ಅದಕ್ಕಿಂತ ಐದೂವರೆ ಗಂಟೆ ಮುಂದೆ. ನಮಗೆ ನಾಲ್ಕು ಗಂಟೆಯಾದಾಗ ಅಲ್ಲಿ ಇನ್ನೂ ಹಿಂದಿನ ರಾತ್ರಿ ಹತ್ತೂವರೆ! ಬೆಳಿಗ್ಗೆ ಐದೂವರೆಗೆ ಮೊದಲು ತೂಗಿದ್ದೆಲ್ಲ ನಿನ್ನೆಯ ಲೆಕ್ಕಕ್ಕೆ ಬೀಳುತ್ತಿತ್ತು. ತಾರೀಖು ತೆಗೆಯುವ ಕಡೆ 'ಏಷ್ಯಾ ಕೋಲ್ಕತಾ' ಎಂಬ ವಲಯದ ಹೆಸರು ಸೇರಿಸಿದೆವು, ಸರಿಹೋಯಿತು.

ಎರಡನೆಯ ತೊಡಕು ಇನ್ನೂ ದೊಡ್ಡದು. ನಮ್ಮಲ್ಲಿ 'ಮೂಟೆ' ಅಂದರೆ ಏನು? ಬೆಳೆಗಾರರಿಗೆ ಅದು 50 ಕೆಜಿ ಪಾರ್ಚ್‌ಮೆಂಟ್, ಅಂದರೆ ಹಣ್ಣಿನ ಹೊರಸಿಪ್ಪೆ ತೆಗೆದು ಒಳಸಿಪ್ಪೆ ಸಮೇತ ಒಣಗಿಸಿದ ಕಾಳು; ಇಲ್ಲವೇ 50 ಕೆಜಿ ಒಣ ಚೆರಿ, ಅಂದರೆ ಇಡೀ ಹಣ್ಣನ್ನೇ ಒಣಗಿಸಿದ್ದು. ಹೊರದೇಶಕ್ಕೆ ಕಳಿಸುವವರಿಗೆ 60 ಕೆಜಿ ಕ್ಲೀನ್ ಕಾಫಿ, ಅಂದರೆ ಸಿಪ್ಪೆಯೆಲ್ಲ ಬಿಡಿಸಿದ ಕಾಳು. ಒಂದು ಮೂಟೆ ಪಾರ್ಚ್‌ಮೆಂಟ್ ಸಿಪ್ಪೆ ಬಿಡಿಸಿದರೆ ಸುಮಾರು 40 ಕೆಜಿ ಕ್ಲೀನ್ ಸಿಗುತ್ತದೆ. ಹೀಗೆ ಮೂಟೆಗೆ ಸಿಗುವ ಕ್ಲೀನ್ ಕಾಫಿಯ ತೂಕಕ್ಕೆ ಔಟ್‌ಟರ್ನ್ ಅನ್ನುತ್ತೇವೆ; ಚೆರಿಯಾದರೆ ಅದು 26 ಕೆಜಿಯ ಆಸುಪಾಸು. ನಮ್ಮ ವರದಿ ಈ ಮೂರನ್ನೂ ಒಟ್ಟಿಗೆ ಕೂಡಿ 'ಒಟ್ಟು ಮೂಟೆ' ಅಂತ ತೋರಿಸುತ್ತಿತ್ತು. ಯಂತ್ರದ ತಪ್ಪಿಲ್ಲ. ಕಾಲಂಗೆ ಬರೀ 'ಮೂಟೆ' ಅಂತ ಹೆಸರಿಟ್ಟವನು ನಾನೇ. ಅದನ್ನು ನೋಡಿ ಒಬ್ಬ ಸಣ್ಣ ಬೆಳೆಗಾರರಿಗೆ ತಪ್ಪು ಲೆಕ್ಕ ಹೇಳಿಬಿಟ್ಟಿದ್ದೆ. ವರ್ಷದ ದುಡಿಮೆಯನ್ನು ನಂಬಿಕೆಯಿಂದ ನಮ್ಮ ಕಣಕ್ಕೆ ತಂದು ಸುರಿದವರು ಅವರು. ಮರುದಿನ ಅವರ ತೋಟಕ್ಕೇ ಹೋಗಿ ಸರಿಯಾದ ಲೆಕ್ಕ ಕೊಟ್ಟು ಬಂದೆ.

ಆಮೇಲೆ ರೈಟರ್, ಗೋದಾಮಿನ ಮೇಸ್ತ್ರಿ, ನಾನು ಒಂದು ಸಂಜೆ ಕೂತೆವು. ಮೂಟೆ ಎಂಬ ಕಾಲಂ ತೆಗೆದೆವು. ಪಾರ್ಚ್‌ಮೆಂಟ್ ಕೆಜಿ, ಚೆರಿ ಕೆಜಿ, ಕ್ಲೀನ್ ಕೆಜಿ ಅಂತ ಮೂರು ಮಾಡಿದೆವು. ಔಟ್‌ಟರ್ನ್ ಲೆಕ್ಕವನ್ನು ಉಗ್ರಾಣದಲ್ಲೇ ಒಂದು ವ್ಯೂ, ಅಂದರೆ ಉಳಿಸಿಟ್ಟ ಪ್ರಶ್ನೆಯಾಗಿ ಬರೆದು ಇಟ್ಟೆವು. ನಾಳೆ ಪವರ್ ಬಿಐ ಬಿಟ್ಟು ಟ್ಯಾಬ್ಲೋ ಎಂಬ ಇನ್ನೊಂದು ವರದಿ ತಂತ್ರಾಂಶಕ್ಕೆ ಹೋದರೂ ಅದೇ ಲೆಕ್ಕ ಸಿಗಬೇಕು, ಅಲ್ವಾ?

ಗೇಟಿನ ಪುಸ್ತಕವನ್ನು ನಾವು ಇನ್ನೂ ನಿಲ್ಲಿಸಿಲ್ಲ. ಪ್ರತಿ ಶನಿವಾರ ರೈಟರ್ ಅದನ್ನು ತಂದು ನನ್ನ ಪರದೆಯ ಪಕ್ಕ ಬಿಚ್ಚಿಡುತ್ತಾರೆ. ನಸುಕಿನಲ್ಲಿ ಬಂದ ಲಾರಿಗಳನ್ನೇ ಮೊದಲು ತಾಳೆ ನೋಡುತ್ತೇವೆ.

ನಮಸ್ಕಾರ.