ಐದು ಡಿಗ್ರಿ ನೆಲದಾಗಿನ ಕಾವಿಲೆ 21 ಡಿಗ್ರಿ ಮನಿ!

[ಬೆಳಿಗ್ಗೆ ಆರು ಗಂಟೆ. ಧಾರವಾಡದ ಹತ್ರ ಒಂದು ಹಳ್ಳಿ, ಬಾವಿಕಟ್ಟಿ.]

ನಮಸ್ಕಾರ್ರೀ. ಹೋದ ವಿಡಿಯೋ ನೋಡಿ ಹಾವೇರಿಯ ಅಕ್ಕಾರೊಬ್ಬರು ಕೇಳಿದ್ರು: "ಮಗ ಸ್ವೀಡನ್ನಿನ್ಯಾಗ ಅದಾನ. ನೆಲದಾಗಿನ ಕಾವು ತಗೊಂಡು ಮನಿ ಬೆಚ್ಚಗ ಇಡ್ತಾರಂತ. ಅಲ್ಲೆ ನೆಲ ಎಷ್ಟು ಬಿಸಿ ಇರಬೇಕು ತಮ್ಮಾ?"

ಬಿಸಿನ ಇಲ್ರೀ ಅಕ್ಕಾರ! ಸ್ಟಾಕ್‌ಹೋಮ್ ಸುತ್ತಮುತ್ತ ಏಳೆಂಟು ಡಿಗ್ರಿ, ಉತ್ತರಕ್ಕ ಹೋದ್ರ ನಾಕೈದು. ಅಂಥಾ ಥಂಡ ನೆಲದಿಂದ 21 ಡಿಗ್ರಿ ಮನಿ ಹೆಂಗ?

ಲಗೂ ಹೇಳಿಬಿಡ್ತೀನಿ. ಫ್ರಿಜ್ ಹಿಂದ ಕೈ ಇಡ್ರಿ, ಬೆಚ್ಚಗ ಇರ್ತೈತಿ. ಒಳಗ ಬರ್ಫದ ಖಾನೆ ಮೈನಸ್ 18. ಅಲ್ಲಿಂದನೂ ಕಾವು ಎತ್ತಿ ಅಡಗಿಮನಿಗೆ ಹಾಕ್ತೈತಿ. ಥಂಡ ಅಂದ್ರ ಕಾವು ಇಲ್ಲ ಅಂತಲ್ಲ, ಕಡಿಮಿ ಐತಿ ಅಂತ. ಇಂಜೆಕ್ಷನ್ ಮಾಡೂಮುಂದ ಹಚ್ಚಿದ ಸ್ಪಿರಿಟ್ ಆರಿದಾಗ ಚರ್ಮ ಥಣ್ಣಗ ಆಗ್ತೈತಲ್ಲ? ಸ್ವೀಡನ್ನಿನ ಮನ್ಯಾಗ ಫ್ರಿಜ್ಜಿನಂಥದ ಒಂದು ಯಂತ್ರ ಇರ್ತೈತಿ. ಹಂಗ ಅದರಾಗಿನ ದ್ರವ ಆವಿಯಾಗ್ತ ನೆಲದ ಕಾವು ಹೀರ್ತೈತಿ. ಆಮ್ಯಾಲೆ ಕಂಪ್ರೆಸರ್ ಆ ಆವಿನ ಒತ್ತತೈತಿ. ಸೈಕಲ್ಲಿಗೆ ಗಾಳಿ ಹೊಡದು ಪಂಪಿನ ಬುಡ ಮುಟ್ರಿ, ಒತ್ತಿದ ಗಾಳಿ ಎಷ್ಟು ಕಾಯ್ತೈತಿ ತಿಳೀತೈತಿ. ಆ ಬಿಸಿನ ಮನಿಗೆ. ಇದಕ್ಕ ಗ್ರೌಂಡ್ ಸೋರ್ಸ್ ಹೀಟ್ ಪಂಪ್ ಅಂತಾರ.

[ಕೊಡಪಾನ ಮ್ಯಾಲೆ ಬರ್ತೈತಿ. ನೀರಿನಿಂದ ಹಬೆ.]

ಈ ಹಬೆ ನೋಡ್ರಿ. ಹೊರಗ 14 ಡಿಗ್ರಿ, ನೀರು 25. ಸಣ್ಣಾಂವಿದ್ದಾಗ ಆಯಿ ಹೇಳ್ತಿದ್ಲು, "ಗಂಗವ್ವ ಕೌದಿ ಹೊದ್ದು ಮಲಗ್ಯಾಳ" ಅಂತ. ಏಪ್ರಿಲ್‌ನ್ಯಾಗ ಇದ ಬಾವಿಗೆ ಇದ ಥರ್ಮಾಮೀಟರ್ ಬಿಟ್ಟಿದ್ದೆ. ಆವಾಗೂ ಹೆಚ್ಚೂಕಡಿಮಿ ಅಷ್ಟ! ನೀರು ಬದಲಾಗಿಲ್ಲ, ಬ್ಯಾಸಗ್ಯಾಗ ಥಣ್ಣಗ, ಥಂಡ್ಯಾಗ ಬೆಚ್ಚಗ ಅನಸೂದು ನಮ್ಮ ಮೈಗೆ. ಗದಗ ಹತ್ರದ ಲಕ್ಕುಂಡಿಯ ಮುಸುಕಿನ ಬಾವಿ ಮೆಟ್ಟಲಾ ಇಳದವರಿಗೂ ಇದರ ಅನುಭವ ಇರ್ತೈತಿ.

ಯಾಕಂದ್ರ ಬ್ಯಾಸಗಿ ಕಾವು ನೆಲದಾಗ ಇಳಿಯೂದು ಭಾಳ ನಿಧಾನ. ಅಂದಾಜು ಒಂದು ಮೀಟರಿಗೆ ಒಂದು ತಿಂಗಳು! ಸ್ವೀಡನ್ನಿನ ಜುಲೈ ಬಿಸಲು ನಾಕು ಮೀಟರ್ ಇಳಿಯೂದ್ರಾಗ ಮ್ಯಾಲೆ ನವೆಂಬರ್ ಬಂದಿರ್ತೈತಿ. ಇಳೀತ ಇಳೀತ ಸೊರಗಿ, 10–15 ಮೀಟರ್ ಕೆಳಗ ಬ್ಯಾಸಗಿನೂ ಇಲ್ಲ, ಥಂಡಿನೂ ಇಲ್ಲ. ವರ್ಷದ ಸರಾಸರಿ ಒಂದ ಉಳೀತೈತಿ. ಹೊರಗ ಮೈನಸ್ 20 ಇದ್ರೂ ಕೆಳಗ ಐದು. ಗಾಳಿಯಿಂದ ಕಾವು ಎತ್ತೋ ಯಂತ್ರ ಮೈನಸ್ 20ರಿಂದ ಹತ್ತಬೇಕು, ಇದು ಐದರ ಆಜೂಬಾಜೂದಿಂದ. ಉಳಿತಾಯ ಇರೂದು ಇಲ್ಲೇ.

ಅದಕ್ಕ ಅಲ್ಲೆ ಬೋರ್ ಹೊಡಸೂದು ನೀರಿಗಲ್ಲ, ಕಾವಿಗೆ. 100ರಿಂದ 200 ಮೀಟರ್, ಅಂದ್ರ ನಮ್ಮ ಲೆಕ್ಕದಾಗ 330ರಿಂದ 650 ಫೂಟು. ಒಳಗ ಯು ಆಕಾರದ ಪ್ಲಾಸ್ಟಿಕ್ ಪೈಪು, ಅದರಾಗ ಹೆಪ್ಪುಗಟ್ಟಬಾರದು ಅಂತ ಸ್ಪಿರಿಟ್ ಬೆರಸಿದ ನೀರು. ಇಳದು ಏರಿ ಬರೂದ್ರಾಗ ಬರೇ ಮೂರ್ನಾಕು ಡಿಗ್ರಿ ಗಳಿಸಿ ಬರ್ತೈತಿ. ಯಂತ್ರದಾಗಿನ ದ್ರವಕ್ಕ ಹೀರಾಕ ಅಷ್ಟ ಸಾಕು.

ಟೈಮ್ ಆತು, ಉಳಿದದ್ದು ಒಂದ ಉಸುರಿಗೆ. ನೆಲದ ಕಾವು ಬಳಸೋ ವಿಚಾರಕ್ಕ ಸ್ವಿಟ್ಜರ್ಲೆಂಡಿನ ಹೈನ್ರಿಚ್ ಜೋಲಿ 1912ರಾಗ ಪೇಟೆಂಟ್ ತಗೊಂಡಿದ್ದ. 1970ರ ದಶಕದಾಗ ತೈಲದ ಬೆಲಿ ಏರಿದ ಮ್ಯಾಲೆ ಸ್ವೀಡನ್ ಇದನ್ನ ಗಟ್ಟಿ ಹಿಡೀತು. ಒಂದು ಯೂನಿಟ್ ಕರೆಂಟಿಗೆ ಮೂರ್ನಾಕು ಯೂನಿಟ್ ಕಾವು. ಬೋರಿನ ಖರ್ಚು ಭಾಳ. ಮನಿ ಗ್ವಾಡಿ, ಕಿಟಕಿ ಕಾವು ಸೋರದಂಗ ಇರಬೇಕು. ನೆಲಹಾಸಿನ ಕೆಳಗ 35 ಡಿಗ್ರಿ ನೀರು ಹರಿಸಿದ್ರ ಇನ್ನೂ ಛಲೋ.

ಹುಬ್ಬಳ್ಳಿಗೆ ಬೇಕಾಗಿರೂದು ತಂಪು. ಯಂತ್ರ ತಿರುಗಿಸಿ ಮನಿ ಕಾವು ನೆಲಕ್ಕ ಹಾಕಬಹುದು, ಖರೆ. ಆದ್ರ ಸ್ವೀಡನ್ನಿನ್ಯಾಗ ಚಳಿಗಾಲದಾಗ ತಗೊಂಡದ್ದನ್ನ ಬ್ಯಾಸಗಿ ತುಂಬಿಕೊಡ್ತೈತಿ. ನಾವು ಬರೇ ಹಾಕ್ಕೋತ ಹೋದ್ರ ಪೈಪಿನ ಸುತ್ತ ನೆಲನ ವರ್ಷಾ ವರ್ಷಾ ಕಾಯ್ತೈತಿ. ಒಂದು ಮನಿಗೆ ಅಷ್ಟು ರೊಕ್ಕ ಹಾಕೂಕಿಂತ ಮೊದಲ ಮಾಳಗಿಗೆ ಬಿಳೇ ಸುಣ್ಣ ಹೊಡಸ್ರಿ ಅಂತೀನಿ ನಾನು.

ಅಕ್ಕಾರ, ಮಗಗ ಫೋನ್ ಹಚ್ಚಿದಾಗ ಕೇಳ್ರಿ, ಅವರ ಮನಿ ಬೋರು ಎಷ್ಟು ಆಳ ಐತಿ ಅಂತ. ನನಗೂ ತಿಳಸ್ರಿ.